ರೂಲ್ಸ್ ಯುರೋಪಿನದು, ಸರ್ವರ್ ಯಾರದು?

ಈಗ ನಮ್ಮ ಹಾಸ್ಟೆಲ್‌ನಲ್ಲಿ ಐಫೋನ್ ಇರೋರೂ ಆಂಡ್ರಾಯ್ಡ್ ಇರೋರೂ ಒಂದೇ ಚಾರ್ಜರ್ ಹಂಚಿಕೊಳ್ಳುತ್ತಾರೆ. ಆಪಲ್‌ಗೆ ನಮ್ಮ ಮೇಲೆ ಪ್ರೀತಿ ಉಕ್ಕಿ ಹೀಗಾದದ್ದಲ್ಲ. ಯುರೋಪಿಯನ್ ಯೂನಿಯನ್ 2022ರಲ್ಲಿ ಒಂದು ಕಾನೂನು ಮಾಡಿತು. 2024ರ ಡಿಸೆಂಬರ್ 28ರಿಂದ ಅಲ್ಲಿ ಮಾರುವ ಹೊಸ ಫೋನ್‌ಗಳಲ್ಲಿ ಯುಎಸ್‌ಬಿ-ಸಿ ಇರಲೇಬೇಕು ಅಂತ. ಆಪಲ್ ಗಡುವು ಬರೋ ತನಕ ಕಾಯಲಿಲ್ಲ, 2023ರ ಐಫೋನ್ 15ರಲ್ಲೇ ತನ್ನ ಲೈಟ್ನಿಂಗ್ ಪೋರ್ಟ್ ಬಿಟ್ಟಿತು. ಯುರೋಪಿಗೊಂದು ಪೋರ್ಟ್, ಇಂಡಿಯಾಗೊಂದು ಪೋರ್ಟ್ ಅಂತ ಬೇರೆ ಬೇರೆ ಮಾಡೋದು ಯಾವ ಕಂಪನಿಗೂ ತಲೆನೋವೇ. ಹಾಗಾಗಿ ಬ್ರಸೆಲ್ಸ್‌ನಲ್ಲಿ ಆದ ತೀರ್ಮಾನ ನಮ್ಮ ರೂಮಿನ ಪ್ಲಗ್ ಪಾಯಿಂಟ್ ತನಕ ಬಂತು. ಅನು ಬ್ರಾಡ್‌ಫೋರ್ಡ್ ಅನ್ನೋ ಕಾನೂನು ಪ್ರೊಫೆಸರ್ ಇದಕ್ಕೆ 'ಬ್ರಸೆಲ್ಸ್ ಎಫೆಕ್ಟ್' ಅಂತಲೇ ಹೆಸರಿಟ್ಟಿದ್ದಾರೆ.

ಇದನ್ನು ನೋಡಿ ನಮ್ಮಲ್ಲಿ ತುಂಬಾ ಜನ, "ನಾವೂ ಯುರೋಪ್ ತರ ಸ್ಟ್ರಿಕ್ಟ್ ರೂಲ್ಸ್ ಮಾಡಿಬಿಟ್ರೆ ಸಾಕು, ಬಿಗ್ ಟೆಕ್ ಬಾಲ ಮುದುರಿಕೊಳ್ಳುತ್ತೆ" ಅಂತಾರೆ. ನನ್ನ ಪ್ರಕಾರ ಈ ಮಾತು ಅರ್ಧ ಮಾತ್ರ ಸರಿ. ದೊಡ್ಡ ಕಂಪನಿಗಳಿಗೆ ರೂಲ್ಸ್ ಹಾಕೋದು ಒಂದು ಕೆಲಸ. ಅವರನ್ನು ನೆಚ್ಚಿಕೊಳ್ಳದೆ ನಮ್ಮ ಆಫೀಸು, ಆಸ್ಪತ್ರೆ, ಕೋರ್ಟು ನಡೆಸೋದು ಬೇರೆಯೇ ಕೆಲಸ. ಯುರೋಪ್ ಮೊದಲನೇ ಸಬ್ಜೆಕ್ಟ್‌ನಲ್ಲಿ ಡಿಸ್ಟಿಂಕ್ಷನ್ ತಗೊಂಡಿದೆ. ಎರಡನೆಯದು ಇನ್ನೂ ಬ್ಯಾಕ್‌ಲಾಗ್ ಉಳಿದಿದೆ. ಆ ಎರಡನೇ ಸಬ್ಜೆಕ್ಟ್ ಲಾಯರ್‌ಗಳದಲ್ಲ, ನಮ್ಮಂಥ ಇಂಜಿನಿಯರಿಂಗ್ ಓದುವವರದ್ದು. ಅದಕ್ಕೇ ಇದನ್ನು ಬರೀತಿದ್ದೀನಿ.

ಮೊದಲು ಯುರೋಪ್ ಏನು ಸಾಧಿಸಿದೆ ಅಂತ ನೋಡೋಣ, ಅದು ಸಣ್ಣದೇನಲ್ಲ. 2011ರಲ್ಲಿ ಆಸ್ಟ್ರಿಯಾದ ಮ್ಯಾಕ್ಸ್ ಶ್ರೆಮ್ಸ್ ಅನ್ನೋ ಕಾನೂನು ವಿದ್ಯಾರ್ಥಿ, "ನನ್ನ ಬಗ್ಗೆ ನಿಮ್ಮ ಹತ್ರ ಇರೋ ಮಾಹಿತಿ ಎಲ್ಲ ಕೊಡಿ" ಅಂತ ಫೇಸ್‌ಬುಕ್‌ಗೆ ಕೇಳಿದರು. ಬಂದದ್ದು 1,200ಕ್ಕೂ ಹೆಚ್ಚು ಪುಟ. ಅವರು ಡಿಲೀಟ್ ಮಾಡಿದ್ದ ಮೆಸೇಜ್‌ಗಳೂ ಅದರಲ್ಲಿದ್ದವು. ಅವರು ಅಲ್ಲಿಗೇ ಬಿಡಲಿಲ್ಲ. ಅವರ ಕೇಸ್‌ಗಳಿಂದಾಗಿ ಯುರೋಪಿನ ಅತ್ಯುನ್ನತ ಕೋರ್ಟ್ 2015ರಲ್ಲಿ ಒಮ್ಮೆ, 2020ರಲ್ಲಿ ಇನ್ನೊಮ್ಮೆ, ಯುರೋಪಿನ ಜನರ ಡೇಟಾ ಅಮೆರಿಕಕ್ಕೆ ಹೋಗಲು ಇದ್ದ ಒಪ್ಪಂದಗಳನ್ನೇ ರದ್ದು ಮಾಡಿತು. ಒಬ್ಬ ಸ್ಟೂಡೆಂಟ್ ಶುರು ಮಾಡಿದ ಜಗಳ ಅಲ್ಲಿ ತನಕ ಹೋಯ್ತು! ಈ ಮಧ್ಯೆ 2018ರ ಮೇ 25ರಿಂದ ಜಿಡಿಪಿಆರ್ ಕಾನೂನು ಜಾರಿಗೆ ಬಂತು. ಕಂಪನಿಯ ಇಡೀ ಪ್ರಪಂಚದ ವಹಿವಾಟಿನ ಶೇಕಡಾ 4ರ ತನಕ ದಂಡ ಹಾಕುವ ಅಧಿಕಾರ ಅದರಲ್ಲಿದೆ. 2023ರಲ್ಲಿ ಮೆಟಾಗೆ ಬಿದ್ದ ದಂಡ 120 ಕೋಟಿ ಯೂರೋ.

ಆಮೇಲೆ ಬಂದದ್ದು ಡಿಜಿಟಲ್ ಮಾರ್ಕೆಟ್ಸ್ ಆಕ್ಟ್. ಮಾರುಕಟ್ಟೆಯ ಬಾಗಿಲು ಕಾಯುವಷ್ಟು ದೊಡ್ಡದಾಗಿರುವ ಕಂಪನಿಗಳಿಗೆ 'ಗೇಟ್‌ಕೀಪರ್' ಅಂತ ಹೆಸರಿಟ್ಟು, ಅವುಗಳಿಗೆ ಮಾತ್ರ ವಿಶೇಷ ನಿಯಮ ಹಾಕುವ ಕಾನೂನು ಇದು. 2023ರ ಸೆಪ್ಟೆಂಬರ್‌ನಲ್ಲಿ ಮೊದಲ ಪಟ್ಟಿ ಬಂತು: ಆಲ್ಫಾಬೆಟ್, ಅಮೆಜಾನ್, ಆಪಲ್, ಮೆಟಾ, ಮೈಕ್ರೋಸಾಫ್ಟ್, ಬೈಟ್‌ಡಾನ್ಸ್. ಐದು ಅಮೆರಿಕದವು, ಒಂದು ಚೀನಾದ್ದು. ಯುರೋಪಿನದು ಒಂದೂ ಇಲ್ಲ. ಮ್ಯಾಚ್‌ಗೆ ಅಂಪೈರ್ ಅವರೇ, ಆದ್ರೆ ಆಡ್ತಿರೋ ಟೀಮ್ ಯಾವುದೂ ಅವರದಲ್ಲ.

ಅಂಪೈರ್ ಆಗಿರೋದು ಯಾಕೆ ಸಾಲದು? ಯುರೋಪಿನ ಕ್ಲೌಡ್ ಮಾರುಕಟ್ಟೆಯಲ್ಲಿ ಮೂರರಲ್ಲಿ ಎರಡು ಭಾಗ ಅಮೆಜಾನ್, ಮೈಕ್ರೋಸಾಫ್ಟ್, ಗೂಗಲ್ ಕೈಯಲ್ಲಿದೆ. ಅಮೆರಿಕದಲ್ಲಿ 2018ರಿಂದ ಕ್ಲೌಡ್ ಆಕ್ಟ್ ಅಂತ ಒಂದು ಕಾನೂನು ಇದೆ. ಅದರ ಪ್ರಕಾರ ಅಮೆರಿಕದ ಕಂಪನಿಯ ಸರ್ವರ್ ಯಾವ ದೇಶದಲ್ಲೇ ಇರಲಿ, ಅಲ್ಲಿನ ತನಿಖಾ ಸಂಸ್ಥೆಗಳು ಕಾನೂನು ಪ್ರಕಾರ ಡೇಟಾ ಕೇಳಬಹುದು. 2025ರ ಜೂನ್‌ನಲ್ಲಿ ಫ್ರಾನ್ಸಿನ ಸೆನೆಟ್, ಮೈಕ್ರೋಸಾಫ್ಟ್ ಫ್ರಾನ್ಸ್‌ನ ಕಾನೂನು ಅಧಿಕಾರಿಯನ್ನು ಕರೆಸಿ ಕೇಳಿತು: ಫ್ರೆಂಚ್ ಸರ್ಕಾರದ ಒಪ್ಪಿಗೆ ಇಲ್ಲದೆ ನಮ್ಮ ಜನರ ಡೇಟಾ ಅಮೆರಿಕಕ್ಕೆ ಹೋಗಲ್ಲ ಅಂತ ಗ್ಯಾರಂಟಿ ಕೊಡ್ತೀರಾ? ಪ್ರಮಾಣ ಮಾಡಿ ಹೇಳಬೇಕಾದ ಜಾಗ ಅದು. ಕೊಡೋಕಾಗಲ್ಲ ಅಂತಲೇ ಅವರು ಹೇಳಿದರು. ಡೇಟಾ ಸೆಂಟರ್ ಪ್ಯಾರಿಸ್‌ನಲ್ಲಿದೆ ಅನ್ನೋ ಒಂದೇ ಕಾರಣಕ್ಕೆ ಅದು ಪೂರ್ತಿ ಫ್ರಾನ್ಸಿನ ಹಿಡಿತದಲ್ಲಿ ಇರಲ್ಲ.

ನಮ್ಮ ದೇಶಕ್ಕೂ ಈ ಬಿಸಿ ತಟ್ಟಿದೆ. 2025ರ ಜುಲೈನಲ್ಲಿ ಯುರೋಪಿಯನ್ ಯೂನಿಯನ್ ರಷ್ಯಾ ಮೇಲಿನ ನಿರ್ಬಂಧಗಳ ಪಟ್ಟಿಗೆ ನಯಾರಾ ಎನರ್ಜಿಯನ್ನೂ ಸೇರಿಸಿತು. ಗುಜರಾತಿನ ವಾಡಿನಾರ್‌ನಲ್ಲಿ ರಿಫೈನರಿ ನಡೆಸುವ ಕಂಪನಿ ಇದು, ಇದರಲ್ಲಿ ರಷ್ಯಾದ ರಾಸ್‌ನೆಫ್ಟ್ ಪಾಲು ಶೇಕಡಾ 49. ಕೆಲವೇ ದಿನಗಳಲ್ಲಿ ಮೈಕ್ರೋಸಾಫ್ಟ್ ಅದಕ್ಕೆ ಕೊಡುತ್ತಿದ್ದ ಸೇವೆ ನಿಲ್ಲಿಸಿತು. ದುಡ್ಡು ಕೊಟ್ಟು ತಗೊಂಡ ಲೈಸೆನ್ಸ್ ಇದ್ದರೂ ತಮ್ಮದೇ ಡೇಟಾ ಸಿಗ್ತಿಲ್ಲ ಅಂತ ನಯಾರಾ ದೆಹಲಿ ಹೈಕೋರ್ಟ್‌ಗೆ ಹೋಯ್ತು. ತಿಂಗಳ ಕೊನೆಗೆ ಸೇವೆ ವಾಪಸ್ ಬಂತು. ರಷ್ಯಾ ವಿಷಯದಲ್ಲಿ ನಿಮ್ಮ ಅಭಿಪ್ರಾಯ ಏನೇ ಇರಲಿ, ಇಲ್ಲಿ ಗಮನಿಸಬೇಕಾದ್ದು ಇದು: ನಿರ್ಬಂಧ ಯುರೋಪಿನದು, ಸಾಫ್ಟ್‌ವೇರ್ ಅಮೆರಿಕದ್ದು, ಮೇಲ್ ನಿಂತದ್ದು ಭಾರತದಲ್ಲಿ. ಡಿಜಿಟಲ್ ಸ್ವಾತಂತ್ರ್ಯ ಬೇಕು ಅಂತ ಎಲ್ಲರಿಗಿಂತ ಜೋರಾಗಿ ಹೇಳೋ ಯುರೋಪೇ ಇನ್ನೊಬ್ಬರ ಸ್ವಿಚ್ ಆಫ್ ಆಗೋಕೆ ಕಾರಣವಾಯ್ತು.

ಹಾಗಾದ್ರೆ ಎರಡನೇ ಕೆಲಸ ಹೇಗೆ ಮಾಡೋದು? ದೊಡ್ಡ ಘೋಷಣೆಗಳಿಂದ ಆಗಲ್ಲ ಅನ್ನೋದಕ್ಕೆ ಗಯಾ-ಎಕ್ಸ್ ಸಾಕ್ಷಿ. ಜರ್ಮನಿ, ಫ್ರಾನ್ಸ್ ಸೇರಿ ಯುರೋಪಿನದ್ದೇ ಕ್ಲೌಡ್ ವ್ಯವಸ್ಥೆ ಕಟ್ಟುತ್ತೇವೆ ಅಂತ ಶುರು ಮಾಡಿದ ಯೋಜನೆ ಅದು. ಸ್ವಲ್ಪ ದಿನದಲ್ಲೇ ಅಮೆಜಾನ್, ಗೂಗಲ್, ಮೈಕ್ರೋಸಾಫ್ಟ್ ಕೂಡ ಅದರ ಮೆಂಬರ್ ಆದವು! ಕುರಿ ಕಾಯೋಕೆ ತೋಳನ್ನೇ ಕರೆದ ಹಾಗಾಯ್ತು.

ಕೆಲಸ ನಿಜವಾಗಿ ನಡೆದಿರೋದು ಸಣ್ಣ ಜಾಗಗಳಲ್ಲಿ. ಉತ್ತರ ಜರ್ಮನಿಯ ಶ್ಲೆಸ್ವಿಗ್-ಹೋಲ್‌ಸ್ಟೈನ್ ರಾಜ್ಯ 2024ರಲ್ಲಿ ತನ್ನ ಸುಮಾರು 30,000 ಸರ್ಕಾರಿ ಕಂಪ್ಯೂಟರ್‌ಗಳನ್ನು ಮೈಕ್ರೋಸಾಫ್ಟ್ ಆಫೀಸ್‌ನಿಂದ ಲಿಬ್ರೆಆಫೀಸ್‌ಗೆ ಬದಲಾಯಿಸುವ ತೀರ್ಮಾನ ಮಾಡಿತು. 2025ರ ಶರತ್ಕಾಲದ ಹೊತ್ತಿಗೆ 40,000ಕ್ಕೂ ಹೆಚ್ಚು ಮೇಲ್‌ಬಾಕ್ಸ್‌ಗಳನ್ನು ಓಪನ್ ಸೋರ್ಸ್ ವ್ಯವಸ್ಥೆಗೆ ಸಾಗಿಸಿತು. ಸುಲಭವಾಗೇನೂ ಆಗಲಿಲ್ಲ, ಸಿಬ್ಬಂದಿಯಿಂದ ದೂರುಗಳೂ ಬಂದವು. ಆದ್ರೂ ಮುಂದುವರಿಸಿದರು. ಫ್ರಾನ್ಸಿನ ಜೆಂಡಾರ್ಮರಿ ಅನ್ನೋ ಪೊಲೀಸ್ ಪಡೆ ಇದೇ ದಾರಿಯಲ್ಲಿ 2005ರಿಂದಲೇ ಹೊರಟಿತ್ತು. ಮೊದಲು ಆಫೀಸ್ ಸಾಫ್ಟ್‌ವೇರ್ ಮಾತ್ರ ಬದಲಾಯಿಸಿದರು, ಆಮೇಲೆ ನಿಧಾನಕ್ಕೆ ಉಬುಂಟು. ಇವತ್ತು ಅವರ ಹತ್ತಾರು ಸಾವಿರ ಕಂಪ್ಯೂಟರ್‌ಗಳು ಲಿನಕ್ಸ್‌ನಲ್ಲಿ ನಡೀತಿವೆ. ಮ್ಯೂನಿಕ್ ನಗರದ ಕಥೆ ಬೇರೆ. ಅಲ್ಲಿ ಸುಮಾರು 15,000 ಕಂಪ್ಯೂಟರ್‌ಗಳು ಲಿನಕ್ಸ್‌ಗೆ ಬಂದಿದ್ದವು. ಮೇಯರ್ ಬದಲಾದರು, ಸಿಬ್ಬಂದಿಯ ಗೊಣಗಾಟವೂ ಇತ್ತು, 2017ರಲ್ಲಿ ಮತ್ತೆ ವಿಂಡೋಸ್‌ಗೆ ಹೋಗೋ ತೀರ್ಮಾನ ಆಯ್ತು. ಅಂದ್ರೆ ಸಾಫ್ಟ್‌ವೇರ್ ಇನ್‌ಸ್ಟಾಲ್ ಮಾಡಿದ ದಿನಕ್ಕೆ ಕೆಲಸ ಮುಗಿಯಲ್ಲ. ಗುಮಾಸ್ತರಿಗೆ ಟ್ರೈನಿಂಗ್ ಕೊಡೋದು, ಹಳೆಯ ಫೈಲ್‌ಗಳನ್ನು ಬದಲಾಯಿಸೋದು, ಪ್ರಿಂಟರ್ ಕೆಲಸ ಮಾಡದಿದ್ದಾಗ ಫೋನ್ ಎತ್ತೋದು, ಇದನ್ನೆಲ್ಲ ಹತ್ತು ಹದಿನೈದು ವರ್ಷ ಬೇಜಾರಿಲ್ಲದೆ ಮಾಡೋ ಜನ ಬೇಕು.

"ಇಷ್ಟೆಲ್ಲ ಯಾಕೆ, ಸ್ವದೇಶಿ ಆಪ್ ಬಳಸಿದ್ರೆ ಮುಗೀತಲ್ವಾ?" ಅಂತ ಕೇಳಬಹುದು. ಅಷ್ಟು ಸುಲಭ ಇಲ್ಲ. ಯುಪಿಐ ನಮ್ಮದೇ, ಹೆಮ್ಮೆ ಪಡಬೇಕಾದ್ದೇ. ಆದ್ರೆ ಅದರ ಮೇಲೆ ನಡೆಯೋ ವ್ಯವಹಾರಗಳಲ್ಲಿ ಸುಮಾರು ಶೇಕಡಾ 80ರಷ್ಟು ಹೋಗೋದು ಎರಡು ಆಪ್‌ಗಳ ಮೂಲಕ. ಒಂದು ಗೂಗಲ್‌ನದು, ಇನ್ನೊಂದು ವಾಲ್‌ಮಾರ್ಟ್ ದೊಡ್ಡ ಪಾಲು ಹೊಂದಿರುವ ಫೋನ್‌ಪೇ. ಆದ್ರೂ ನಾಳೆ ನೀವು ಬೇರೆ ಆಪ್‌ಗೆ ಹೋಗಬಹುದು, ಅಂಗಡಿಯ ಕ್ಯೂಆರ್ ಕೋಡ್ ಅದೇ ಇರುತ್ತೆ. ಆ ಬಾಗಿಲು ತೆರೆದಿದೆ ಅನ್ನೋದೇ ಅದರ ಬೆಲೆ.

ಬಾಗಿಲು ಮುಚ್ಚೋಕೆ ಫಾರಿನ್ ಕಂಪನಿಯೇ ಬೇಕು ಅಂತಿಲ್ಲ. ಯೂನಿಕೋಡ್ ಅಲ್ಲದ ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಲೇಖನವನ್ನು ವಾಟ್ಸಾಪ್‌ಗೆ ಪೇಸ್ಟ್ ಮಾಡಿ ನೋಡಿ. ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ ಬರುತ್ತೆ. ಕನ್ನಡಿಗರೇ ಕನ್ನಡಕ್ಕಾಗಿ ಮಾಡಿದ ಸಾಫ್ಟ್‌ವೇರ್ ಅದು, ಅದು ಮಾಡಿದ ಉಪಕಾರ ದೊಡ್ಡದು. ಆದ್ರೆ ಎಲ್ಲರಿಗೂ ಒಂದೇ ಆದ ಎನ್‌ಕೋಡಿಂಗ್ ಇಲ್ಲದ್ದರಿಂದ ಆ ಕಾಲದ ಎಷ್ಟೋ ಬರಹ ಕನ್ವರ್ಟರ್ ಇಲ್ಲದೆ ಓದೋಕೇ ಆಗಲ್ಲ. ಹಾಗಾಗಿ ನನ್ನ ಅಳತೆಗೋಲು 'ಯಾರು ಮಾಡಿದ್ದು' ಅನ್ನೋದಲ್ಲ. ನಾಳೆ ಬಿಟ್ಟು ಹೋಗಬೇಕು ಅಂದ್ರೆ ನಮ್ಮ ಡೇಟಾ ಸಮೇತ ಹೋಗೋಕೆ ಆಗುತ್ತಾ, ಇಷ್ಟೇ ಕೇಳಬೇಕು. ಸರ್ಕಾರ ಮಾಡಿದ ಆಪ್‌ಗೂ ಇದೇ ಪ್ರಶ್ನೆ ಕೇಳಬೇಕು. ಬೀಗದ ಕೈ ಕಂಪನಿಯಿಂದ ಸರ್ಕಾರಕ್ಕೆ ಹೋದ ಮಾತ್ರಕ್ಕೆ ನಮಗೆ ಸ್ವಾತಂತ್ರ್ಯ ಬಂದ ಹಾಗಲ್ಲ.

ರೂಲ್ಸ್ ಜಾಸ್ತಿ ಆಗಿ ಯುರೋಪ್ ಹಿಂದೆ ಬಿದ್ದಿದೆ ಅನ್ನೋ ವಾದವೂ ಇದೆ. 2024ರಲ್ಲಿ ಮಾರಿಯೊ ದ್ರಾಗಿ ಕೊಟ್ಟ ವರದಿ ಹೊಸ ಕಂಪನಿಗಳಿಗೆ ನಿಯಮಗಳ ಹೊರೆ ಹೆಚ್ಚಾಗಿದೆ ಅಂತ ಹೇಳಿತು. ಅದರಲ್ಲಿ ಸತ್ಯ ಇದೆ. ಆದ್ರೆ ರೂಲ್ಸ್ ತೆಗೆದ ತಕ್ಷಣ ಇಂಜಿನಿಯರ್‌ಗಳು ಹುಟ್ಟಿಕೊಳ್ಳಲ್ಲ. ಕಟ್ಟೋರು, ನೋಡಿಕೊಳ್ಳೋರು ಎರಡೂ ಕಡೆ ಬೇಕು.

ಇದರಲ್ಲಿ ನಮ್ಮ ಪಾಲು ಏನು? ಪ್ರತಿ ವರ್ಷ ನಮ್ಮ ಕಾಲೇಜುಗಳಲ್ಲಿ ಅದೆಷ್ಟು ಅಟೆಂಡೆನ್ಸ್ ಆಪ್, ಲೈಬ್ರರಿ ಮ್ಯಾನೇಜ್‌ಮೆಂಟ್ ಸಿಸ್ಟಮ್‌ಗಳು ಫೈನಲ್ ಇಯರ್ ಪ್ರಾಜೆಕ್ಟ್ ಆಗಿ ಹುಟ್ಟುತ್ತವೋ! ವೈವಾ ಮುಗಿದ ಮಾರನೇ ದಿನ ಅವನ್ನು ಯಾರೂ ತೆರೆಯಲ್ಲ. ಅದರ ಬದಲು ಈಗಾಗಲೇ ಜನ ಬಳಸ್ತಿರೋ ಒಂದು ಓಪನ್ ಸೋರ್ಸ್ ಸಾಫ್ಟ್‌ವೇರ್‌ನ ಒಂದು ಬಗ್ ಸರಿ ಮಾಡಿದರೂ, ಲಿಬ್ರೆಆಫೀಸ್‌ನ ಕನ್ನಡ ಅನುವಾದದಲ್ಲಿ ಬಾಕಿ ಇರೋದನ್ನು ತುಂಬಿದರೂ ಅದನ್ನು ಪ್ರಾಜೆಕ್ಟ್ ಅಂತ ಒಪ್ಪಿ ಮಾರ್ಕ್ಸ್ ಕೊಡಬೇಕು. ಇನ್ನೊಬ್ಬರು ಬರೆದ ಕೋಡ್ ಓದಿ ಅರ್ಥ ಮಾಡಿಕೊಂಡು ಸರಿ ಮಾಡೋದು ಹೊಸದು ಬರೆಯೋದಕ್ಕಿಂತ ಕಷ್ಟ, ಕಲಿಯೋದೂ ಜಾಸ್ತಿ. ಮುಂದಿನ ಸೆಮಿಸ್ಟರ್‌ನ ಮಿನಿ ಪ್ರಾಜೆಕ್ಟ್‌ಗೆ ಇದನ್ನು ಕೇಳೋಕೆ ನಾನಂತೂ ಎಚ್‌ಓಡಿ ಸರ್ ಹತ್ರ ಹೋಗ್ತಿದ್ದೀನಿ. ಜೊತೆಗೆ ಬರೋರು ಇದ್ದರೆ ಕ್ಲಬ್ ಗ್ರೂಪ್‌ನಲ್ಲಿ ಹೇಳಿ, ಒಬ್ಬನೇ ಹೋದರೆ ಕೇಳಲ್ಲ, ಹತ್ತು ಜನ ಹೋದರೆ ಕೇಳ್ತಾರೆ.