ಜೀಪಿಗೂ ಒಂದು ಕಲಾಯಿ

ಬಸವನಗುಡಿ, ಜಯನಗರಗಳ ಬೀದಿಗಳಲ್ಲಿ ಒಂದು ಕಾಲಕ್ಕೆ ಕಲಾಯಿಗಾರನ ಕೂಗು ಕೇಳಿಬರುತ್ತಿತ್ತು. ಆ ದನಿ ಕಿವಿಗೆ ಬಿದ್ದೊಡನೆಯೇ ಗೃಹಿಣಿಯರು ಹಿತ್ತಾಳೆಯ ತಪ್ಪಲೆ, ಪಾತ್ರೆಗಳನ್ನು ಹೊರಗೆ ತಂದಿಡುತ್ತಿದ್ದರು. ಅವನು ಬೀದಿಯ ಅಂಚಿನಲ್ಲಿ ಕುಳಿ ತೋಡಿ, ತಿದಿಯೊತ್ತಿ ಕೆಂಡ ಮಾಡಿ, ಪಾತ್ರೆಯನ್ನು ಕಾಯಿಸಿ, ನವಸಾಗರದ ಪುಡಿ ಉದುರಿಸಿ ಉಜ್ಜಿ, ಬಳಿಕ ತವರವನ್ನು ತಾಕಿಸಿ ಅರಿವೆಯಿಂದ ಒಮ್ಮೆ ತೀಡಿದನೆಂದರೆ ಒಳಮೈ ಬೆಳ್ಳಿಯಂತೆ ಹೊಳೆಯುತ್ತಿತ್ತು. ಸುತ್ತ ನೆರೆದ ಮಕ್ಕಳಿಗೆ ಆ ಹೊಳಪಿನ ಕ್ಷಣವೇ ಮುಖ್ಯ. ಕಸುಬು ಬಲ್ಲವರಿಗೆ ಅದಕ್ಕೆ ಮುಂಚಿನ ಉಜ್ಜುವಿಕೆಯೇ ಮುಖ್ಯ. ಕಿಲುಬಿನ ಮೇಲೆ ತವರ ನಿಲ್ಲದು.

ಸ್ಟೀಲ್ ಪಾತ್ರೆ ಬಂದಿತು, ಕಲಾಯಿಗಾರ ಮರೆಯಾದನು. ಆದರೆ ಕಲಾಯಿಯ ಧರ್ಮ ಮರೆಯಾಗಿಲ್ಲ. ಈಗ ಅದು ಜೀಪಿನ ಒಳಮೈಯನ್ನು ಸೇರಿದೆ. 1985ರಲ್ಲಿ ಬಂದ ಜಿಪ್ಸಿ, 2010ರಲ್ಲಿ ಬಂದ ಥಾರ್, ಅವುಗಳಿಗೂ ಹಿಂದಿನ ಹಳೆಯ ಜೀಪುಗಳು—ಇವುಗಳ ಒಡೆಯರಿಗೆ ಭಾನುವಾರ ಬಂತೆಂದರೆ ಕನಕಪುರ ರಸ್ತೆಯ ಆಚೆಯ ಕೆಸರು, ರಜೆ ಬಂತೆಂದರೆ ಮಡಿಕೇರಿಯ ಬಳಿಯ ಮಾಂದಲಪಟ್ಟಿಯ ಕಲ್ಲುದಾರಿ ಕೈಬೀಸಿ ಕರೆಯುತ್ತವೆ. ಹೋಗುವಾಗ ಉತ್ಸಾಹ, ಬರುವಾಗ ಗಾಡಿಯೊಳಗೆ ಮಣ್ಣು, ನೀರು. ಮೇಲಿನ ನೀರು ಆರುತ್ತದೆ. ಚಾಪೆಯ ಕೆಳಗಿನ ನೀರು ವಾರಗಟ್ಟಲೆ ಅಲ್ಲಿಯೇ ಉಳಿದು, ಗಾಳಿಯೊಡನೆ ಕೂಡಿಕೊಂಡು, ಸದ್ದಿಲ್ಲದೆ ತಗಡನ್ನು ತಿನ್ನುತ್ತದೆ. ಇದಕ್ಕೆ ಮದ್ದೆಂದು ಬಂದಿರುವುದೇ ಸಿಂಪಡಿಸುವ ರಕ್ಷಾಲೇಪ.

ಈ ಲೇಪದ ಮೂಲ ಪಾಲಿಯುರೆಥೇನ್. 1937ರಲ್ಲಿ ಜರ್ಮನಿಯ ಲೆವರ್‌ಕೂಸನ್ ನಗರದಲ್ಲಿ ಆಟ್ಟೋ ಬಾಯರ್ ಎಂಬ ರಸಾಯನ ವಿಜ್ಞಾನಿ ಮತ್ತು ಅವರ ಸಂಗಡಿಗರು ಕಂಡುಹಿಡಿದ ವಸ್ತು ಇದು. ಬೇರೆ ಬೇರೆಯಾಗಿದ್ದಾಗ ದ್ರವವಾಗಿರುವ ಎರಡು ಪದಾರ್ಥಗಳು ಒಂದುಗೂಡಿದೊಡನೆ ಕೈಕೈ ಹಿಡಿದು ಗಟ್ಟಿಯಾಗುತ್ತವೆ. ಅದರ ಸೋದರನಾದ ಪಾಲಿಯೂರಿಯ ಇನ್ನೂ ಅವಸರದ್ದು. ಬಂದೂಕಿನಂತಹ ಉಪಕರಣದ ತುದಿಯಲ್ಲಿ ಎರಡು ದ್ರವಗಳೂ ಸೇರಿ, ತಗಡಿಗೆ ಬಡಿದ ಕೆಲವೇ ಸೆಕೆಂಡುಗಳಲ್ಲಿ ಹೆಪ್ಪುಗಟ್ಟುತ್ತದೆ. ಕಾರಿನ ಬಣ್ಣದ ದಪ್ಪ ಒಂದು ಮಿಲಿಮೀಟರಿನ ಹತ್ತನೆಯ ಒಂದು ಪಾಲಿನಷ್ಟಿದ್ದರೆ, ಈ ಲೇಪ ಎರಡು ಮೂರು ಮಿಲಿಮೀಟರಿನವರೆಗೂ ಇರಬಲ್ಲದು. ಕಲ್ಲು ಬಿದ್ದರೆ ಸಿಡಿಯದು, ಕೊಳಾಯಿಯಲ್ಲಿ ತೊಳೆದರೆ ಕೆಡದು.

ಬನಶಂಕರಿಯ ಒಂದು ಮನೆಯನ್ನು ಕಲ್ಪಿಸಿಕೊಳ್ಳಬಹುದು. ತಂದೆ ಕೊಂಡು ಓಡಿಸಿದ ಹಳೆಯ ಜೀಪು ಮಗನ ಪಾಲಿಗೆ ಬಂದಿದೆ. ಶನಿವಾರ ಪ್ರವಾಸ, ಶುಕ್ರವಾರದೊಳಗೆ ಲೇಪ ಆಗಬೇಕು. ಓಣಿಯ ಗ್ಯಾರೇಜಿನವನು ‘ಒಂದೇ ದಿನ ಸಾರ್’ ಎಂದಿದ್ದಾನೆ. ಆಸನ ಬಿಚ್ಚಿ ಚಾಪೆ ಎತ್ತಿದರೆ ಕೆಳಗೆಲ್ಲ ಕಂದು ಹುಡಿ. ‘ಮೇಲೆ ಹೊಡೆದರೆ ಎಲ್ಲಾ ಮುಚ್ಚಿಹೋಗುತ್ತೆ’ ಎಂಬ ಸಮಾಧಾನ. ಆಗ ಜಗಲಿಯ ಮೇಲೆ ಕುಳಿತ ಅಜ್ಜಿ ಕೇಳುತ್ತಾಳೆ: ‘ಉಜ್ಜದೆ ಕಲಾಯಿ ಹಾಕ್ತಾರೇನೋ?’

ಅಜ್ಜಿಯ ಪ್ರಶ್ನೆಯಲ್ಲಿ ಇಡೀ ಶಾಸ್ತ್ರವೇ ಅಡಗಿದೆ. ತುಕ್ಕಿನ ಮೇಲೆ ಬಳಿದ ಲೇಪ ತಗಡನ್ನು ಹಿಡಿಯುವುದಿಲ್ಲ. ತುಕ್ಕನ್ನು ಹಿಡಿದುಕೊಂಡು, ಅದು ಕಳಚಿದಾಗ ತಾನೂ ಕಳಚುತ್ತದೆ. ಅಷ್ಟರವರೆಗೆ ಒಳಗಿನ ಕೊಳೆತ ಯಾರ ಕಣ್ಣಿಗೂ ಬೀಳದಂತೆ ಮರೆಮಾಡುತ್ತದೆ. ಆದುದರಿಂದ ಮೊದಲು ಜಿಡ್ಡು ತೊಳೆಯಬೇಕು. ತುಕ್ಕನ್ನು ಹೊಳೆಯುವ ಲೋಹ ಕಾಣುವವರೆಗೆ ಕೆರೆಯಬೇಕು. ತೂತು ಬಿದ್ದಲ್ಲಿ ಹೊಸ ತಗಡು ಬೆಸೆಯಬೇಕು. ಬೆತ್ತಲೆ ಲೋಹಕ್ಕೆ ಎಪಾಕ್ಸಿ ಪ್ರೈಮರ್ ಕೊಡಬೇಕು. ಹಳೆಯ ಬಣ್ಣದ ನುಣುಪನ್ನು ಉಜ್ಜುಕಾಗದದಿಂದ ಮುರಿಯಬೇಕು. ನೀರು ಹೊರಹೋಗುವ ರಂಧ್ರಗಳನ್ನು, ಆಸನದ ಮತ್ತು ಸೀಟು ಬೆಲ್ಟಿನ ಬೋಲ್ಟು ಕೂರುವ ಜಾಗಗಳನ್ನು ಮುಚ್ಚಿಡುವುದನ್ನು ಮರೆಯಬಾರದು. ಬೋಲ್ಟಿನ ಅಡಿಯಲ್ಲಿ ಲೇಪ ಸೇರಿ, ಬೆಲ್ಟು ಬಿಗಿಯಾಗಿ ಕೂರದಿದ್ದರೆ, ತಗಡನ್ನು ಉಳಿಸಹೋಗಿ ಮನುಷ್ಯನನ್ನು ಕಳೆದುಕೊಂಡಂತೆ. ಮಳೆಗಾಲದ ತೇವದಲ್ಲಂತೂ ಈ ಕೆಲಸ ಸಲ್ಲದು. ಐಸೋಸಯನೇಟ್ ಎಂಬ ಘಟಕ ನೀರನ್ನು ಕಂಡೊಡನೆ ಇಂಗಾಲದ ಡೈ ಆಕ್ಸೈಡನ್ನು ಬಿಟ್ಟು, ಲೇಪದಲ್ಲಿ ಗುಳ್ಳೆಗಳನ್ನು ಎಬ್ಬಿಸುತ್ತದೆ.

ಇನ್ನು ಯಾರೂ ಕೇಳದ ಪ್ರಶ್ನೆಯೊಂದು ಉಂಟು: ಲೇಪ ಸಿಂಪಡಿಸುವ ಹುಡುಗ ಏನನ್ನು ಉಸಿರಾಡುತ್ತಾನೆ? 1984ರ ಡಿಸೆಂಬರಿನಲ್ಲಿ ಭೋಪಾಲದ ಮೇಲೆ ಹರಿದ ವಿಷವೂ ಐಸೋಸಯನೇಟ್ ವಂಶದ್ದೇ. ಲೇಪದಲ್ಲಿರುವುದು ಅದೇ ಅಲ್ಲ. ಅಷ್ಟು ಸುಲಭವಾಗಿ ಗಾಳಿಗೆ ಸೇರುವಂಥದೂ ಅಲ್ಲ. ಆದರೆ ಸಿಂಪಡಿಸುವಾಗ ಅದು ಮಂಜಿನಂತೆ ಎದ್ದು ಶ್ವಾಸಕೋಶಕ್ಕೆ ಇಳಿಯುತ್ತದೆ. ಕಸುಬಿನಿಂದ ಬರುವ ಉಬ್ಬಸಕ್ಕೆ ಹೆಸರಾದ ಕಾರಣಗಳಲ್ಲಿ ಇದೂ ಒಂದು. ದೇಹ ಒಮ್ಮೆ ಅದಕ್ಕೆ ಕೆರಳಿತೆಂದರೆ, ಮುಂದೆ ಎಳ್ಳಷ್ಟು ತಾಗಿದರೂ ಉಸಿರು ಕಟ್ಟುತ್ತದೆ. ಮೂಗಿಗೆ ಕಟ್ಟಿದ ಕರವಸ್ತ್ರ ಅದಕ್ಕೆ ತಡೆಯಲ್ಲ. ಹೊರಗಿನಿಂದ ಕೊಳವೆಯಲ್ಲಿ ಶುದ್ಧ ಗಾಳಿ ಬರುವ ಮುಖವಾಡ ಬೇಕು, ಗಾಳಿಯನ್ನು ಹೊರಗೆಳೆಯುವ ಪ್ರತ್ಯೇಕ ಕೋಣೆ ಬೇಕು. ವಸತಿಯ ಓಣಿಯಲ್ಲಿ, ಪಕ್ಕದ ಮನೆಯ ಕಿಟಕಿಯ ಕೆಳಗೆ, ತೆರೆದ ಬಾಗಿಲಿನಲ್ಲಿ ಮಾಡುವ ಕೆಲಸವಲ್ಲ ಇದು.

ಹೀಗಿರಲು, ಜೀಪಿನ ಒಡೆಯನು ಗ್ಯಾರೇಜಿಗೆ ಹೋಗಿ ಮೊದಲು ಕೇಳಬೇಕಾದದ್ದು ಬೆಲೆಯನ್ನಲ್ಲ, ‘ಎಷ್ಟು ದಿನ ಉಜ್ಜುತ್ತೀರಿ?’ ಎಂಬುದನ್ನು, ಎರಡನೆಯದು, ‘ಹುಡುಗನ ಮುಖವಾಡ ಎಲ್ಲಿ?’ ಎಂಬುದನ್ನು. ಎರಡಕ್ಕೂ ಸರಿಯಾದ ಉತ್ತರ ಬರದಿದ್ದರೆ, ಆ ಶನಿವಾರದ ಪ್ರವಾಸವನ್ನು ಮುಂದೂಡುವುದೇ ಲೇಸು. ಮಾಂದಲಪಟ್ಟಿ ಎಲ್ಲಿಗೂ ಹೋಗುವುದಿಲ್ಲ. ತಂದೆಯ ಜೀಪಿಗೆ ಇನ್ನೂ ಹತ್ತು ವರ್ಷ ಆಯುಸ್ಸು ಬೇಕೆಂದು ಬಯಸುವ ಮಗನು, ಅದರ ಅಡಿಯಲ್ಲಿ ಬಗ್ಗಿ ದುಡಿಯುವ ಹುಡುಗನಿಗೂ ಅಷ್ಟನ್ನು ಬಯಸಿದರೆ ತಪ್ಪಿಲ್ಲವಷ್ಟೆ!