ಲ್ಯಾಪ್‌ಟಾಪ್ ದುಬಾರಿ ಕಾಲ: ಗಡಿನಾಡಿನ ಸ್ಟುಡಿಯೋಗಳು ಹಣ ಹಾಕಬೇಕಾದ್ದು ಎಲ್ಲಿ?

ಕಾಸರಗೋಡಿನಿಂದ ಹೊಸೂರಿನವರೆಗೆ, ಅಕ್ಕಲಕೋಟೆಯಿಂದ ಆದೋನಿಯವರೆಗೆ ಗಡಿಯ ಸಣ್ಣ ಪೇಟೆಗಳಲ್ಲಿ ಮದುವೆ ಆಲ್ಬಂ, ಜಾತ್ರೆ-ಯಕ್ಷಗಾನಗಳ ವಿಡಿಯೋ, ಆಮಂತ್ರಣ ಪತ್ರಿಕೆ ಮತ್ತು ಫ್ಲೆಕ್ಸ್ ವಿನ್ಯಾಸವನ್ನೇ ನಂಬಿ ಬದುಕುವ ಕುಟುಂಬಗಳಿವೆ. ಇವರಿಗೆ ಲ್ಯಾಪ್‌ಟಾಪ್ ಎಂದರೆ ಶೋಕಿಯ ವಸ್ತುವಲ್ಲ, ರೈತನಿಗೆ ಎತ್ತು ಇದ್ದ ಹಾಗೆ. ಒಂದರಿಂದ ಎರಡು ಲಕ್ಷ ರೂಪಾಯಿ ಕೊಟ್ಟು ತಂದ ಯಂತ್ರ ಕೆಲಸಕ್ಕೆ ಬಾರದಿದ್ದರೆ ಒಂದೆರಡು ಮದುವೆ ಸೀಸನ್‌ಗಳ ದುಡಿಮೆ ಬ್ಯಾಂಕಿನ ಕಂತಿಗೇ ಸರಿಹೋಗುತ್ತದೆ.

ಹಳೆಯ ಯಂತ್ರವನ್ನೇ ಇನ್ನಷ್ಟು ಕಾಲ ಎಳೆಯೋಣ ಎಂದುಕೊಂಡವರಿಗೂ ಒತ್ತಡವಿದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಅದೇ ಹೊತ್ತಿಗೆ ಮೆಮೊರಿ ಚಿಪ್‌ಗಳ ಬೆಲೆ ಏರತೊಡಗಿತು.

ಬೆಲೆ ಏರಿದ್ದೇಕೆ?

ಜಗತ್ತಿನ ಬಹುಪಾಲು ರ‍್ಯಾಮ್ ತಯಾರಿಸುವುದು ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್ ಮತ್ತು ಮೈಕ್ರಾನ್ ಎಂಬ ಮೂರೇ ಕಂಪನಿಗಳು. ಕೃತಕ ಬುದ್ಧಿಮತ್ತೆಯ ಬೃಹತ್ ಸರ್ವರ್‌ಗಳಿಗೆ ಬೇಕಾದ ವಿಶೇಷ ಮೆಮೊರಿಯಲ್ಲಿ ಲಾಭ ಹೆಚ್ಚು. ಹೀಗಾಗಿ ಈ ಕಂಪನಿಗಳ ತಯಾರಿಕೆ ಅತ್ತ ವಾಲಿತು. ಸಾಮಾನ್ಯ ಕಂಪ್ಯೂಟರ್‌ಗೆ ಸಿಗುವ ಮೆಮೊರಿ ಕಡಿಮೆಯಾಯಿತು. ಅಂಗಡಿಗಳಲ್ಲಿ ಬಿಡಿಯಾಗಿ ರ‍್ಯಾಮ್, ಎಸ್‌ಎಸ್‌ಡಿ ಮಾರುತ್ತಿದ್ದ ತನ್ನ 'ಕ್ರೂಷಿಯಲ್' ವ್ಯಾಪಾರವನ್ನೇ ನಿಲ್ಲಿಸುವುದಾಗಿ ಮೈಕ್ರಾನ್ 2025ರ ಡಿಸೆಂಬರ್‌ನಲ್ಲಿ ಪ್ರಕಟಿಸಿತು. ಅದೇ ತಿಂಗಳು ಡಾಲರ್ ಬೆಲೆ 90 ರೂಪಾಯಿ ದಾಟಿತು. ಹೊರದೇಶದಿಂದ ಬರುವ ಬಿಡಿಭಾಗಗಳನ್ನೇ ನೆಚ್ಚಿರುವ ಲ್ಯಾಪ್‌ಟಾಪ್‌ಗೆ ಇದು ಎರಡನೇ ಪೆಟ್ಟು.

'ಈಗ ಕಡಿಮೆ ರ‍್ಯಾಮ್ ಇರುವುದನ್ನು ಕೊಂಡು, ಆಮೇಲೆ ಹಾಕಿಸಿಕೊಂಡರಾಯಿತು' ಎಂಬ ಹಳೆಯ ಜಾಣತನ ಇಲ್ಲಿ ಕೈಕೊಡುತ್ತದೆ. ತೆಳ್ಳಗಿನ ದುಬಾರಿ ಮಾದರಿಗಳಲ್ಲಿ ಹೆಚ್ಚಿನವುಗಳ ರ‍್ಯಾಮ್ ಮದರ್‌ಬೋರ್ಡಿಗೇ ಬೆಸೆದಿರುತ್ತದೆ. ಆಪಲ್‌ನ ಎಂ ಸರಣಿಯ ಮ್ಯಾಕ್‌ಬುಕ್‌ಗಳಲ್ಲಂತೂ ಅದನ್ನು ಬದಲಿಸುವ ಮಾತೇ ಇಲ್ಲ. ಬದಲಿಸಲು ಬರುವ ಮಾದರಿಗಳಿಗೂ ಬಿಡಿ ರ‍್ಯಾಮ್ ಅಗ್ಗವಾಗಿ ಉಳಿದಿಲ್ಲ.

ಬದಲಾಗದ ಭಾಗಕ್ಕೆ ಮೊದಲ ಹಣ

ಇಲ್ಲಿಂದಲೇ ಸರಳ ಸೂತ್ರವೊಂದು ಸಿಗುತ್ತದೆ: ಮುಂದೆ ಬದಲಿಸಲಾಗದ ಭಾಗಕ್ಕೆ ಮೊದಲು ಹಣ ಹಾಕಬೇಕು, ಹೊರಗಿನಿಂದ ಜೋಡಿಸಬಹುದಾದ ಭಾಗಕ್ಕೆ ಆಮೇಲೆ.

ಒಂದು ಉದಾಹರಣೆ ನೋಡಬಹುದು. 2025ರ ಮಾರ್ಚ್‌ನಲ್ಲಿ ಎಂ4 ಮ್ಯಾಕ್‌ಬುಕ್ ಏರ್ ಭಾರತಕ್ಕೆ ಬಂದಾಗ 13 ಇಂಚಿನ ಮಾದರಿಯ ಆರಂಭಿಕ ಬೆಲೆ 99,900 ರೂ. 16 ಜಿಬಿ ರ‍್ಯಾಮ್, 512 ಜಿಬಿ ಸಂಗ್ರಹದ ಮಾದರಿಗೆ 1,19,900 ರೂ. ಅದೇ ಸಂಗ್ರಹಕ್ಕೆ 24 ಜಿಬಿ ರ‍್ಯಾಮ್ ಬೇಕೆಂದರೆ 1,39,900 ರೂ. ಎಂದರೆ 8 ಜಿಬಿ ರ‍್ಯಾಮ್‌ಗೆ 20 ಸಾವಿರ. ಕೇಳಿದರೆ ಹೊಟ್ಟೆ ಉರಿಯುವುದು ಸಹಜ. ಆದರೆ ಫೋಟೋಶಾಪ್‌ನಲ್ಲಿ ಹತ್ತಾರು ಲೇಯರ್‌ಗಳ ಆಲ್ಬಂ ಹಾಳೆ ತೆರೆದು, ಪಕ್ಕದಲ್ಲೇ ವಿಡಿಯೋ ಎಡಿಟ್ ಮಾಡುವವರಿಗೆ ಈ 20 ಸಾವಿರ ವ್ಯರ್ಥವಲ್ಲ. ಸಂಗ್ರಹ ಸಾಲದಿದ್ದರೆ ಹೊರಗಿನ ಎಸ್‌ಎಸ್‌ಡಿ ಜೋಡಿಸಬಹುದು. ರ‍್ಯಾಮ್‌ಗೆ ಆ ದಾರಿ ಇಲ್ಲ. ಬರೀ ಆಮಂತ್ರಣ, ಫ್ಲೆಕ್ಸ್ ಕೆಲಸವಾದರೆ 16 ಜಿಬಿ ಸಾಕು.

ಪರದೆಯೂ ಹಾಗೆಯೇ. ಅಗ್ಗದ ಲ್ಯಾಪ್‌ಟಾಪ್‌ಗಳ ವಿವರದಲ್ಲಿ '45% ಎನ್‌ಟಿಎಸ್‌ಸಿ' ಎಂದು ಬರೆದಿರುತ್ತದೆ. ಸಾಮಾನ್ಯ ಎಸ್‌ಆರ್‌ಜಿಬಿ ಬಣ್ಣಗಳಲ್ಲಿ ಸುಮಾರು ಮೂರನೇ ಎರಡರಷ್ಟನ್ನು ಮಾತ್ರ ಅದು ತೋರಿಸಬಲ್ಲದು. ಮದುಮಗಳ ಸೀರೆಯ ಕೆಂಪು ಪರದೆಯಲ್ಲಿ ಒಂದು ಬಗೆ, ಆಲ್ಬಂನಲ್ಲಿ ಇನ್ನೊಂದು ಬಗೆ ಕಂಡರೆ ಮರುಮುದ್ರಣದ ಖರ್ಚು ಬೀಳುವುದು ಸ್ಟುಡಿಯೋದವರ ತಲೆಗೇ. ಆದ್ದರಿಂದ 100% ಎಸ್‌ಆರ್‌ಜಿಬಿ ಇದೆಯೇ ಎಂದು ಕೇಳಿಯೇ ಕೊಳ್ಳಬೇಕು.

ಹೆಸರು ಒಂದೇ, ಶಕ್ತಿ ಬೇರೆ

ವಿಂಡೋಸ್ ಕಡೆ ಹೆಚ್ಚು ಜನ ಎಡವುವುದು ಗ್ರಾಫಿಕ್ಸ್ ಕಾರ್ಡಿನಲ್ಲಿ. 2025ರಲ್ಲಿ ಬಂದ ಎನ್ವಿಡಿಯಾ ಆರ್‌ಟಿಎಕ್ಸ್ 5060 ಲ್ಯಾಪ್‌ಟಾಪ್ ಚಿಪ್‌ಗೆ 45ರಿಂದ 100 ವ್ಯಾಟ್‌ವರೆಗೆ ವಿದ್ಯುತ್ ಕೊಡಬಹುದು. ಎಷ್ಟು ಕೊಡಬೇಕೆಂದು ತೀರ್ಮಾನಿಸುವುದು ಲ್ಯಾಪ್‌ಟಾಪ್ ಕಂಪನಿ. ತೆಳ್ಳಗಿನ ಮಾದರಿಯಲ್ಲಿ ಕಡಿಮೆ, ದಪ್ಪ ಮಾದರಿಯಲ್ಲಿ ಹೆಚ್ಚು. ಸ್ಟಿಕ್ಕರ್ ಎರಡಕ್ಕೂ ಒಂದೇ! ಮೇಲಿನ ದರ್ಜೆಯ 5070 ಕೂಡ ಆ ವರ್ಷ ಲ್ಯಾಪ್‌ಟಾಪ್‌ಗೆ ಬಂದದ್ದು 5060ರಷ್ಟೇ, ಅಂದರೆ 8 ಜಿಬಿ ಗ್ರಾಫಿಕ್ಸ್ ಮೆಮೊರಿಯೊಂದಿಗೆ. ಡೆಸ್ಕ್‌ಟಾಪ್‌ನ 5070ರಲ್ಲಿ 12 ಜಿಬಿ ಇದೆ. ಹೆಸರು ನೋಡಿ ಹಣ ಕೊಟ್ಟವರಿಗೆ ನಿರಾಸೆ ಕಾದಿದೆ.

ಕ್ಯಾಮೆರಾ ಯಾವುದೆಂಬುದೂ ಮುಖ್ಯ. ಸೋನಿ ಎ7 4ರಂಥ ಕ್ಯಾಮೆರಾಗಳು 10 ಬಿಟ್ 4:2:2 ಎಂಬ ಬಗೆಯಲ್ಲೂ ವಿಡಿಯೋ ದಾಖಲಿಸುತ್ತವೆ. ಆಪಲ್‌ನ ಎಂ ಸರಣಿ, ಇಂಟೆಲ್‌ನ ಈಚಿನ ಗ್ರಾಫಿಕ್ಸ್ ಇರುವ ಪ್ರೊಸೆಸರ್‌ಗಳು ಮತ್ತು ಆರ್‌ಟಿಎಕ್ಸ್ 50 ಸರಣಿ ಈ ಕಡತಗಳನ್ನು ಸಲೀಸಾಗಿ ಬಿಡಿಸುತ್ತವೆ. ಅದಕ್ಕೂ ಹಿಂದಿನ ಎನ್ವಿಡಿಯಾ ಕಾರ್ಡುಗಳಿಗೆ ಆ ಸೌಲಭ್ಯವಿರಲಿಲ್ಲ. ದುಬಾರಿ ಯಂತ್ರದಲ್ಲೂ ವಿಡಿಯೋ ತಡವರಿಸಲು ಇದು ಒಂದು ಕಾರಣ. ಚಿಕ್ಕ ಗಾತ್ರದ 'ಪ್ರಾಕ್ಸಿ' ಕಡತ ಮಾಡಿಕೊಂಡು ಎಡಿಟ್ ಮಾಡಿದರೆ ಹಳೆಯ ಯಂತ್ರವೂ ಇನ್ನೊಂದು ಸೀಸನ್ ಓಡೀತು.

ಮಳೆಗಾಲದಲ್ಲಿ ಕರೆಂಟು ಕೈಕೊಡುವ ಊರುಗಳಲ್ಲಿ ಮ್ಯಾಕ್‌ಬುಕ್‌ಗೆ ಒಂದು ಅನುಕೂಲವಿದೆ. ಬ್ಯಾಟರಿಯಲ್ಲಿದ್ದಾಗಲೂ ಅದರ ವೇಗ ಹೆಚ್ಚು ಕುಂದುವುದಿಲ್ಲ. ಪ್ರತ್ಯೇಕ ಗ್ರಾಫಿಕ್ಸ್ ಇರುವ ವಿಂಡೋಸ್ ಲ್ಯಾಪ್‌ಟಾಪ್‌ಗಳು ಚಾರ್ಜರ್ ತೆಗೆದೊಡನೆ ಸೊರಗುತ್ತವೆ.

ಗಡಿ ದಾಟಿದರೆ ಅಗ್ಗವೇ?

ಮಂಗಳೂರಿನಲ್ಲೋ ಬೆಂಗಳೂರಿನಲ್ಲೋ ಕೊಂಡರೆ ತೆರಿಗೆ ಉಳಿಯುತ್ತದೆ ಎಂಬ ಮಾತು ಗಡಿಯಲ್ಲಿ ಇನ್ನೂ ಇದೆ. ರಾಜ್ಯಕ್ಕೊಂದು ವ್ಯಾಟ್ ಇದ್ದ ಕಾಲದ ಮಾತದು. 2017ರ ಜುಲೈ 1ರಿಂದ ಜಿಎಸ್‌ಟಿ ಬಂದ ಮೇಲೆ ಲ್ಯಾಪ್‌ಟಾಪ್‌ಗೆ ಎಲ್ಲ ರಾಜ್ಯಗಳಲ್ಲೂ ಶೇ. 18 ತೆರಿಗೆ. ಅಂಗಡಿಯವರ ರಿಯಾಯಿತಿ ಬೇರೆ ಇರಬಹುದು, ತೆರಿಗೆ ಬೇರೆಯಿಲ್ಲ.

ಜಿಎಸ್‌ಟಿ ನೋಂದಣಿ ಇರುವ ಸ್ಟುಡಿಯೋಗಳು ಇನ್ನೊಂದು ವಿಷಯ ಗಮನಿಸಬೇಕು. ಕೇರಳದಲ್ಲಿ ನೋಂದಣಿಯಾದವರು ಕರ್ನಾಟಕದ ಅಂಗಡಿಯಲ್ಲಿ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಹಾಕಿದ ಬಿಲ್ ತಂದರೆ ಆ ತೆರಿಗೆಯನ್ನು ತಮ್ಮ ಲೆಕ್ಕದಲ್ಲಿ ವಜಾ ಮಾಡಿಕೊಳ್ಳಲಾಗದು. ಐಜಿಎಸ್‌ಟಿ ಬಿಲ್ ಇರಬೇಕು. ತೆರಿಗೆ ಸೇರಿ 1,39,900 ರೂ. ಬೆಲೆಯಲ್ಲಿ ಇದು 21 ಸಾವಿರ ರೂಪಾಯಿಗೂ ಮಿಕ್ಕಿದ ಮಾತು. ಕಾಂಪೊಸಿಷನ್ ಯೋಜನೆಯಲ್ಲಿರುವವರಿಗೆ ಮಾತ್ರ ಈ ವಜಾ ಸೌಲಭ್ಯವೇ ಇಲ್ಲ.

ಎರಡು ಭಾಷೆಯ ಊರಿಗೆ ಇನ್ನೂ ಒಂದು ತೊಡಕು. ಕನ್ನಡ-ಮಲಯಾಳಂ, ಕನ್ನಡ-ಮರಾಠಿ ಆಮಂತ್ರಣಗಳ ಹಳೆಯ ಕಡತಗಳು ಹಲವೆಡೆ ಯೂನಿಕೋಡ್‌ಗಿಂತ ಹಿಂದಿನ ನುಡಿ, ಶ್ರೀಲಿಪಿ ಫಾಂಟ್‌ಗಳಲ್ಲಿವೆ. ವಿಂಡೋಸ್‌ನಲ್ಲಿ ಬೆಳೆದ ಈ ಕೆಲಸವನ್ನು ಮ್ಯಾಕ್‌ಗೆ ಸಾಗಿಸುವ ಮೊದಲು ನಾಲ್ಕು ಕಡತಗಳನ್ನಾದರೂ ಅಂಗಡಿಯಲ್ಲೇ ತೆರೆದು ನೋಡುವುದು ಕ್ಷೇಮ.

ಒಟ್ಟಿನಲ್ಲಿ ಎರಡು ಲಕ್ಷದ ಯಂತ್ರ ಎಲ್ಲರಿಗೂ ಬೇಕಿಲ್ಲ. ಫೋಟೋ, ವಿನ್ಯಾಸದವರು ರ‍್ಯಾಮ್ ಮತ್ತು ಪರದೆಗೆ, ವಿಡಿಯೋದವರು ಅದರ ಜೊತೆಗೆ ತಮ್ಮ ಕ್ಯಾಮೆರಾಕ್ಕೆ ಒಪ್ಪುವ ಚಿಪ್‌ಗೆ ಹಣ ಹಾಕಿದರೆ ಸಾಕು. ಹೊಸ ಲ್ಯಾಪ್‌ಟಾಪ್ ವರ್ಷಕ್ಕೆ ಎಷ್ಟು ಹೆಚ್ಚುವರಿ ಕೆಲಸ ತಂದುಕೊಟ್ಟೀತು ಎಂಬ ಲೆಕ್ಕ ಕಂತಿಗೆ ಸರಿಹೊಂದದಿದ್ದರೆ, ಹಳೆಯದನ್ನೇ ದುರಸ್ತಿ ಮಾಡಿಸಿ ಒಂದು ಸೀಸನ್ ಕಾಯುವುದರಲ್ಲಿ ನಾಚಿಕೆಯೇನಿಲ್ಲ.