ಓಧಮರ ನೆಲ, ಬಾಯಾರಿದ ದಾರಿಹೋಕರು

ಅಮೆರಿಕದ ಅರಿಜೋನಾ ರಾಜ್ಯದ ದಕ್ಷಿಣದಂಚಿನಲ್ಲಿ ಟೊಹೊನೊ ಓಧಮ್ ಎಂಬ ಮೂಲನಿವಾಸಿಗಳ ಸ್ವಾಯತ್ತ ಪ್ರದೇಶವಿದೆ. 1850ರ ದಶಕದಲ್ಲಿ ಅಮೆರಿಕವು ಮೆಕ್ಸಿಕೊದಿಂದ ನೆಲ ಕೊಂಡು ಗಡಿ ಗುರುತಿಸಿದಾಗ ಇವರ ನಾಡು ಎರಡು ಹೋಳಾಯಿತು. ಇವರನ್ನು ಯಾರೂ ಒಂದು ಮಾತು ಕೇಳಲಿಲ್ಲ. ಇಂದು ಸುಮಾರು 100 ಕಿ.ಮೀ. ಅಂತರರಾಷ್ಟ್ರೀಯ ಗಡಿ ಇವರ ಪ್ರದೇಶಕ್ಕೆ ತಾಗಿಕೊಂಡಿದೆ. ಇವರದೇ ಬಳಗದವರು ಆಚೆ ಬದಿಯಲ್ಲೂ ಇದ್ದಾರೆ.

1990ರ ದಶಕದ ನಡುವಿನಿಂದ ಅಮೆರಿಕ ಸರ್ಕಾರ ಅನುಮತಿಯಿಲ್ಲದೆ ಗಡಿ ದಾಟುವ ವಲಸಿಗರನ್ನು ತಡೆಯಲು ಎಲ್ ಪಾಸೊ, ಸ್ಯಾನ್ ಡಿಯಾಗೊದಂಥ ನಗರಗಳ ಬಳಿ ಗಡಿಯನ್ನು ಬಿಗಿ ಮಾಡಿತು. ಉಳಿದ ದಾರಿ ಮರುಭೂಮಿ; ಅದಕ್ಕೆ ಹೆದರಿ ಜನ ಬರುವುದನ್ನೇ ಬಿಡುತ್ತಾರೆ ಎಂಬುದು ಅಧಿಕಾರಿಗಳ ಎಣಿಕೆಯಾಗಿತ್ತು. ಜನ ಬರುವುದನ್ನು ಬಿಡಲಿಲ್ಲ. ಬಿಸಿಲಿಗೆ ಮಿನುಗಿ ಗುಟ್ಟು ರಟ್ಟಾಗದಿರಲೆಂದು ಕಪ್ಪು ಕ್ಯಾನಿನಲ್ಲಿ ನೀರು ತುಂಬಿಕೊಂಡು, ಹೆಜ್ಜೆ ಮೂಡದಿರಲೆಂದು ಕಾಲಿಗೆ ರತ್ನಗಂಬಳಿಯ ಚೂರು ಕಟ್ಟಿಕೊಂಡು ನಡೆದರು. 40 ಡಿಗ್ರಿ ಮೀರುವ ಸೆಕೆಯಲ್ಲಿ ಹಲವು ದಿನಕ್ಕಾಗುವಷ್ಟು ನೀರನ್ನು ಯಾರೂ ಹೊರಲಾರರು. 2000ದಿಂದೀಚೆಗೆ ದಕ್ಷಿಣ ಅರಿಜೋನಾದಲ್ಲಿ ಸಿಕ್ಕ ವಲಸಿಗರ ಶವ, ಅಸ್ಥಿಗಳ ಲೆಕ್ಕ 3,000 ದಾಟಿದೆ.

ನಮ್ಮೂರುಗಳಲ್ಲಿ ಬೇಸಿಗೆ ಬಂದರೆ ಅರವಟ್ಟಿಗೆ ಇಡುತ್ತಾರೆ, ತಡೆಯುವವರಿಲ್ಲ. ಅಲ್ಲಿ ಹಾಗಲ್ಲ. ‘ಹ್ಯೂಮೇನ್ ಬಾರ್ಡರ್ಸ್’ ಸಂಸ್ಥೆ ನೀಲಿ ಬಾವುಟ ನೆಟ್ಟು ಇಡುವ ನೀರಿನ ಪೀಪಾಯಿಗಳಿಗೆ ಓಧಮ್ ಆಡಳಿತ ತನ್ನ ನೆಲದಲ್ಲಿ ಒಪ್ಪಿಗೆ ಕೊಡಲಿಲ್ಲ. ಓಧಮರೇ ಆದ ಮೈಕ್ ವಿಲ್ಸನ್ ಒಪ್ಪಿಗೆಗೆ ಕಾಯದೆ ನೀರಿಟ್ಟರು. ಮಾಜಿ ಸೈನಿಕ, ಚರ್ಚಿನಲ್ಲಿ ಉಪದೇಶ ಮಾಡುತ್ತಿದ್ದವರು. ನೀರಿಡುವ ನಾಲ್ಕು ತಾಣಗಳಿಗೆ ಮತ್ತಾಯ, ಮಾರ್ಕ, ಲೂಕ, ಯೋಹಾನ ಎಂದು ಸುವಾರ್ತೆಕಾರರ ಹೆಸರಿಟ್ಟರು. ನಿಲ್ಲಿಸು ಎಂದು ತಮ್ಮವರೇ ಹೇಳಿದರೂ ಅವರು ಜಗ್ಗಲಿಲ್ಲ.

ಆಡಳಿತಕ್ಕೆ ಕರುಣೆಯಿಲ್ಲ ಎಂದು ದೂರದಲ್ಲಿ ಕುಳಿತು ತೀರ್ಪು ಕೊಡುವುದು ಸುಲಭ. ಆದರೆ ಕಳ್ಳಸಾಗಣೆದಾರರು ಊರೊಳಗೆ ಬಂದು ಎಳೆಯರಿಗೆ ಹಣದ ಆಸೆ ತೋರಿಸುತ್ತಾರೆ. ಅವರ ಬೆನ್ನಿಗೇ ಗಡಿ ಗಸ್ತು ಪಡೆ ಬರುತ್ತದೆ. ತಮ್ಮದೇ ನೆಲದಲ್ಲಿ ಓಡಾಡುವ ಓಧಮರನ್ನು ಯಾರು ನೀವು ಎಂದು ತಡೆದು ಕೇಳುತ್ತದೆ. 2023ರ ಮೇ ತಿಂಗಳಲ್ಲಿ ಆ ಪಡೆಯ ಗುಂಡಿಗೆ ಓಧಮ್ ವ್ಯಕ್ತಿಯೊಬ್ಬರು ತಮ್ಮ ಮನೆಯ ಮುಂದೆಯೇ ಬಲಿಯಾದರು. ವಲಸೆ ಬಂದವರನ್ನು ಕಾಪಾಡುವ, ಸತ್ತವರ ಶವ ಸಾಗಿಸುವ ಕೆಲಸದ ಹೊರೆಯೂ ಈ ಬಡ ಸಮುದಾಯದ ಬೊಕ್ಕಸದ ಮೇಲೆ ಬಿದ್ದಿದೆ. ಇಷ್ಟರ ನಡುವೆ ಹೊರಗಿನವರು ಎಷ್ಟೇ ಒಳ್ಳೆಯ ಮನಸ್ಸಿನಿಂದ ಬಂದರೂ, ನಮ್ಮನ್ನು ಕೇಳದೆ ಬಂದವರ ಸಾಲಿಗೆ ಇನ್ನೊಬ್ಬರು ಸೇರಿದರು ಎಂದು ಓಧಮರಿಗೆ ಅನ್ನಿಸಿದರೆ ತಪ್ಪೇನು?

ಹಾಗಿದ್ದರೂ ನನ್ನ ಮನಸ್ಸು ವಿಲ್ಸನ್ ಕಡೆಗೇ ವಾಲುತ್ತದೆ. ಸ್ವಾಯತ್ತತೆಯ ಹೆಸರಿನಲ್ಲಿ ಬಾಯಾರಿದವರಿಗೆ ನೀರು ತಪ್ಪಿಸಲಾಗದು. ಆ ಮಾತನ್ನು ಓಧಮರಿಗೆ ಹೇಳುವ ನೈತಿಕ ಬಲ ಅವರೊಳಗಿನವರಿಗೆ ಇದೆ. ಜನರನ್ನು ಈ ಮರುಭೂಮಿಗೆ ನೂಕಿದ ವಾಷಿಂಗ್ಟನ್ನಿಗೆ ಇಲ್ಲ. ನೀರು ಎಲ್ಲಿಡಬೇಕು, ಯಾರು ತುಂಬಬೇಕು ಎಂಬುದನ್ನು ಓಧಮ್ ಹಳ್ಳಿಗಳೇ ತೀರ್ಮಾನಿಸಲಿ; ಖರ್ಚನ್ನು ಗೋಪುರ, ಕ್ಯಾಮೆರಾಗಳಿಗೆ ಹಣ ಸುರಿಯುವ ಫೆಡರಲ್ ಸರ್ಕಾರ ಭರಿಸಲಿ. ಅಲ್ಲಿಯವರೆಗೆ ಕ್ಯಾನ್ ಹೊತ್ತು ಹೋಗುವ ವಿಲ್ಸನ್‌ರಂಥವರನ್ನು ಯಾರೂ ತಡೆಯಬಾರದು.